ರಗ್ಬಿ ಆಟವೂ ಊರ ತರುಣರ ಸಂಘವೂ

ನಮ್ಮ ಸೀಮೆಯಲ್ಲಿ ತರುಣರ ಸಂಘಗಳು ಹುಟ್ಟುವುದು ಸುಲಭ, ಬಾಳುವುದು ಕಷ್ಟ. ನಾಗರಪಂಚಮಿಗೋ ಊರ ಜಾತ್ರೆಗೋ ಹತ್ತು ಹುಡುಗರು ಒಂದಾಗುತ್ತಾರೆ. ಮನೆ ಮನೆ ತಿರುಗಿ ಪಟ್ಟಿ ಕೂಡಿಸುತ್ತಾರೆ. ಬೋರ್ಡು ಬರೆಸಿ, ಅಂಗಿಗಳ ಮೇಲೆ ಹೆಸರು ಹಾಕಿಸಿ, ಕಬಡ್ಡಿ ಪಂದ್ಯ ಏರ್ಪಡಿಸುತ್ತಾರೆ. ಮರುವರ್ಷ ಹೋಗಿ ನೋಡಿದರೆ ಬೋರ್ಡು ಇರುತ್ತದೆ, ಸಂಘವಿರುವುದಿಲ್ಲ. ಹಿರಿಯರು ಇದನ್ನು ಆರಂಭಶೂರತ್ವವೆಂದು ಕರೆದು ಸುಮ್ಮನಾಗುತ್ತಾರೆ. ಹೆಸರಿಟ್ಟ ಮಾತ್ರಕ್ಕೆ ಕಾರಣ ತಿಳಿದಂತಾಯಿತೆ? ಆ ಕಾರಣವನ್ನು ನನಗೆ ತೋಚಿದ ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಇದನ್ನು ಬರೆಯುವ ಅಧಿಕಾರ ನನಗೆ ಬಂದುದು ಗೆಲುವಿನಿಂದಲ್ಲ, ಸೋಲಿನಿಂದ. ನಾನು ಆಳಂದ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಪಿ.ಯು.ಸಿ. ಓದುತ್ತಿದ್ದಾಗ ನಾವು ಕೆಲವರು ಸೇರಿ ಊರಲ್ಲಿ ಕಬಡ್ಡಿ ಸಂಘ ಕಟ್ಟಿದೆವು. ಓದಿದವನೆಂದು ನನ್ನನ್ನೇ ಕಾರ್ಯದರ್ಶಿಯನ್ನಾಗಿ ಮಾಡಿದರು. ಕೂಡಿಸಿದ ಹಣದ ಲೆಕ್ಕವನ್ನು ನಾನು ಬರೆದಿಡಲಿಲ್ಲ, ನೆನಪಿನಲ್ಲಿದೆ ಎಂದುಕೊಂಡೆ. ವರ್ಷ ತುಂಬಿದಾಗ ಊರವರು ಲೆಕ್ಕ ಕೇಳಿದರು. ೨,೩೦೦ ರೂಪಾಯಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಹಣವನ್ನು ನಾನು ತಿಂದಿರಲಿಲ್ಲ. ಆದರೆ ತಿಂದಿಲ್ಲವೆಂದು ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಎಪ್ಪ ಒಂದು ಮಾತನ್ನೂ ಆಡಲಿಲ್ಲ. ಮನೆಯಲ್ಲಿಟ್ಟ ತೊಗರಿಯಲ್ಲಿ ಒಂದಿಷ್ಟನ್ನು ಮಾರಿ, ಹಣ ತಂದು, ಕಟ್ಟೆಯ ಮೇಲೆ ಕುಳಿತ ಹಿರಿಯರ ಮುಂದಿಟ್ಟು ಹೊಲಕ್ಕೆ ಹೋದ. ಅಂದಿಗೆ ಆ ಸಂಘ ಮುಗಿಯಿತು.

ಮತ್ತೆ ಸಂಘದ ಮಾತು ಬಂದುದು ಹಾಸ್ಟೆಲಿನಲ್ಲಿ. ೨೦೨೫ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಎಂಬ ಪಂದ್ಯಾವಳಿ ಮೊದಲ ಬಾರಿಗೆ ನಡೆಯಿತು. ಆರು ತಂಡಗಳಲ್ಲಿ ಬೆಂಗಳೂರಿನ ಹೆಸರಿನದೂ ಒಂದಿತ್ತು. ಅಫಜಲಪುರ ತಾಲ್ಲೂಕಿನ ಒಬ್ಬ, ಜೇವರ್ಗಿ ತಾಲ್ಲೂಕಿನ ಒಬ್ಬ, ನಾನು, ಮೂವರೂ ಒಂದೇ ಮೊಬೈಲಿನಲ್ಲಿ ಆ ಆಟ ನೋಡಿದೆವು. ಎರಡು ಪಂದ್ಯ ಮುಗಿಯುವುದರೊಳಗೆ ಜೇವರ್ಗಿಯ ಗೆಳೆಯ, “ಇದು ನಮ್ಮ ಕಬಡ್ಡಿನೇ ಅದ. ಚೆಂಡೊಂದು ಹೆಚ್ಚಿಗಿ ಅದ, ಅಷ್ಟೇ” ಎಂದ. ಓಡಿಬರುವವನ ಕಾಲು ಹಿಡಿದು ಕೆಡಹುವ ವಿದ್ಯೆ ನಮ್ಮ ಹುಡುಗರಿಗೆ ಹುಟ್ಟಿನಿಂದಲೇ ಬಂದದ್ದು. ಅವನ ಮಾತು ನಿಜವೆನಿಸಿತು.

ಆಟದ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು ಹೇಳಬೇಕು. ರಗ್ಬಿ ಚೆಂಡು ದುಂಡಗಿರುವುದಿಲ್ಲ, ಮೊಟ್ಟೆಯ ಆಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡಿ, ಎದುರಾಳಿಯ ಗೋಲು ಗೆರೆಯನ್ನು ದಾಟಿ, ನೆಲಕ್ಕೆ ಮುಟ್ಟಿಸಬೇಕು. ಇದಕ್ಕೆ ‘ಟ್ರೈ’ ಎಂದು ಹೆಸರು, ೫ ಅಂಕ. ಆ ಬಳಿಕ ಚೆಂಡನ್ನು ಒದ್ದು ಗೋಲು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ದಾಟಿಸಿದರೆ ಮತ್ತೆ ೨ ಅಂಕ. ದೊಡ್ಡ ಆಟದಲ್ಲಿ ತಂಡಕ್ಕೆ ೧೫ ಮಂದಿ. ಸಣ್ಣ ಆಟದಲ್ಲಿ ೭ ಮಂದಿ. ಏಳು ಮಂದಿಯ ಆಟ ೭ ನಿಮಿಷದ ಎರಡು ಭಾಗಗಳಲ್ಲಿ ಮುಗಿಯುತ್ತದೆ. ೨೦೧೬ರಿಂದ ಒಲಿಂಪಿಕ್ಸ್‌ನಲ್ಲಿರುವುದು ಇದೇ. ಚೆಂಡು ಹಿಡಿದವನನ್ನು ಮಾತ್ರ ಕೆಡಹಬಹುದು. ಹೆಗಲಿಗಿಂತ ಮೇಲೆ ಕೈ ಹಾಕಕೂಡದು. ಬಿದ್ದವನು ಚೆಂಡನ್ನು ಬಿಟ್ಟುಬಿಡಬೇಕು. ಎಲ್ಲಕ್ಕಿಂತ ವಿಚಿತ್ರವಾದ ನಿಯಮವೆಂದರೆ, ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕದವನಿಗೆ, ಇಲ್ಲವೆ ಹಿಂದೆ ಬರುತ್ತಿರುವವನಿಗೆ ಮಾತ್ರ ಕೊಡಬೇಕು. ಆದುದರಿಂದ ಎಂಥ ಓಟಗಾರನೂ ತನ್ನ ಹಿಂದೆ ಯಾರಿದ್ದಾರೆಂಬುದನ್ನು ಮರೆತು ಓಡಲಾರ.

ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಬೆಳೆದು, ೧೮೭೧ರಲ್ಲಿ ತನ್ನದೇ ಒಕ್ಕೂಟವನ್ನು ಪಡೆದ ಈ ಆಟ ಮರುವರ್ಷವೇ ನಮ್ಮ ದೇಶಕ್ಕೆ ಬಂದಿತು. ೧೮೭೨ರ ಕ್ರಿಸ್‌ಮಸ್ ದಿನ ಕಲಕತ್ತೆಯಲ್ಲಿದ್ದ ಬ್ರಿಟಿಷರು ಎರಡು ಪಕ್ಷವಾಗಿ ಒಂದು ಪಂದ್ಯ ಆಡಿದರು. ಅದರ ಹುರುಪಿನಲ್ಲಿ ೧೮೭೩ರ ಜನವರಿಯಲ್ಲಿ ಕಲಕತ್ತಾ ಫುಟ್ಬಾಲ್ ಕ್ಲಬ್ ಹುಟ್ಟಿತು. ಅದಕ್ಕೆ ಹಣಕ್ಕೆ ಕೊರತೆಯಿರಲಿಲ್ಲ. ಸದಸ್ಯರಿಗೆ ಪುಕ್ಕಟೆ ಮದ್ಯದ ಸೌಕರ್ಯವೂ ಇತ್ತು. ಆ ಸೌಕರ್ಯ ನಿಂತೊಡನೆ ಸದಸ್ಯರು ಕಡಿಮೆಯಾದರು. ಉಳಿದವರಿಗೆ ಅಲ್ಲಿಯ ಹವೆಗೆ ಟೆನ್ನಿಸ್, ಪೋಲೋ ಆಟಗಳೇ ಹಿತವೆನಿಸಿದವು. ಕೊನೆಗೆ ಸಂಘವನ್ನು ಮುಚ್ಚಲು ನಿಶ್ಚಯಿಸಿ, ಬ್ಯಾಂಕಿನಲ್ಲಿದ್ದ ಬೆಳ್ಳಿಯ ರೂಪಾಯಿಗಳನ್ನು ತೆಗೆಸಿ, ಕರಗಿಸಿ, ಒಂದು ಬಟ್ಟಲು ಮಾಡಿಸಿ ೧೮೭೮ರಲ್ಲಿ ಇಂಗ್ಲೆಂಡಿನ ಒಕ್ಕೂಟಕ್ಕೆ ಕೊಟ್ಟರು. ನಾಗರಹಾವಿನ ಆಕಾರದ ಮೂರು ಹಿಡಿಗಳೂ ಮುಚ್ಚಳದ ಮೇಲೆ ಆನೆಯೂ ಇರುವ ಆ ಕಲಕತ್ತಾ ಕಪ್ಪಿಗಾಗಿ ೧೮೭೯ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ಸೆಣಸುತ್ತ ಬಂದಿವೆ. ಬಟ್ಟಲು ಉಳಿಯಿತು, ಸಂಘ ಉಳಿಯಲಿಲ್ಲ. ಅದು ಬಂದುಹೋಗುವವರ ಸಂಘವಾಗಿತ್ತು. ಆ ಊರಿನ ಮಕ್ಕಳಿಗೆ ಅದರಲ್ಲಿ ಪಾಲಿರಲಿಲ್ಲ.

ಇದಕ್ಕೆ ಪ್ರತಿಯಾಗಿ ಸ್ಕಾಟ್ಲೆಂಡಿನ ಮೆಲ್ರೋಸ್ ಎಂಬ ಸಣ್ಣ ಊರಿನ ಕಥೆ ನೋಡಿರಿ. ಅಲ್ಲಿಯ ಸಂಘದ ಕೈ ಬರಿದಾಗಿತ್ತು. ನೆಡ್ ಹೇಗ್ ಎಂಬ ಕಸಾಯಿ ವೃತ್ತಿಯ ಆಟಗಾರನೊಬ್ಬ, ಹಣ ಕೂಡಿಸಲು ಒಂದು ದಿನದ ಪಂದ್ಯಾವಳಿ ನಡೆಸೋಣವೆಂದ. ಹದಿನೈದು ಮಂದಿಯ ತಂಡಗಳು ಒಂದೇ ದಿನ ಹಲವು ಪಂದ್ಯ ಆಡುವುದು ಸಾಧ್ಯವಿರಲಿಲ್ಲ. ಆದುದರಿಂದ ತಂಡವನ್ನು ಏಳಕ್ಕೆ ಇಳಿಸಿ, ಹೊತ್ತನ್ನೂ ಮೊಟಕು ಮಾಡಿ ೧೮೮೩ರಲ್ಲಿ ಆಡಿಸಿದರು. ಇಂದು ಒಲಿಂಪಿಕ್ಸ್‌ನಲ್ಲಿರುವ ಏಳು ಮಂದಿಯ ರಗ್ಬಿ ಹುಟ್ಟಿದ್ದು ಹೀಗೆ, ಒಂದು ಹಳ್ಳಿಯ ಸಂಘದ ಬಡತನದಿಂದ. ಬಡತನ ಸಂಘವನ್ನು ಕೊಲ್ಲುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮ ಕಾಲದ ಉದಾಹರಣೆಗಳೂ ಉಂಟು. ಕೋಲ್ಕತ್ತದಲ್ಲಿ ಬ್ರಿಟಿಷ್ ರಾಜತಾಂತ್ರಿಕ ಕಚೇರಿಯಲ್ಲಿದ್ದ ಪಾಲ್ ವಾಲ್ಷ್ ಎಂಬವರು ೨೦೦೪ರಲ್ಲಿ ಬಡ ಮಕ್ಕಳನ್ನು ಕೂಡಿಸಿಕೊಂಡು ಜಂಗಲ್ ಕ್ರೋಸ್ ಎಂಬ ಸಂಘವನ್ನು ಕಟ್ಟಿದರು. ಅಲ್ಲಿ ಆಡಿ ಬೆಳೆದವರೇ ಮುಂದೆ ಇತರರಿಗೆ ಕಲಿಸುವವರಾದರು. ಹೀಗೆ ಆಟವು ಸಿಲಿಗುರಿಯ ಬಳಿಯ ಸರಸ್ವತೀಪುರ ಚಹಾ ತೋಟವನ್ನು ಮುಟ್ಟಿತು. ಎಲೆ ಕೊಯ್ಯುವ ಕೂಲಿಕಾರರ ಹೆಣ್ಣುಮಕ್ಕಳು ಅಲ್ಲಿಂದ ಭಾರತ ತಂಡದವರೆಗೆ ಏರಿದರು. ಒಡಿಶಾದ ಭುವನೇಶ್ವರದಲ್ಲಿ ಆದಿವಾಸಿ ಮಕ್ಕಳಿಗಾಗಿ ಇರುವ ಕಳಿಂಗ ಸಮಾಜ ವಿಜ್ಞಾನ ಸಂಸ್ಥೆಯ ಬಾಲಕರು ೨೦೦೭ರಲ್ಲಿ ಲಂಡನ್ನಿಗೆ ಹೋಗಿ, ೧೪ ವರ್ಷದೊಳಗಿನವರ ಅಂತರರಾಷ್ಟ್ರೀಯ ಶಾಲಾ ಪಂದ್ಯಾವಳಿಯನ್ನು ಗೆದ್ದುಬಂದರು. ೨೦೧೯ರಲ್ಲಿ ಭಾರತದ ಮಹಿಳೆಯರು ಮನಿಲಾದಲ್ಲಿ ಸಿಂಗಪುರವನ್ನು ೨೧–೧೯ರಿಂದ ಸೋಲಿಸಿ, ಹದಿನೈದು ಮಂದಿಯ ಆಟದಲ್ಲಿ ತಮ್ಮ ಮೊದಲ ಅಂತರರಾಷ್ಟ್ರೀಯ ಗೆಲುವನ್ನು ಪಡೆದರು. ಇವರಲ್ಲಿ ಯಾರೂ ಸಿರಿವಂತರ ಮಕ್ಕಳೆಂದು ಆಟಕ್ಕೆ ಬಂದವರಲ್ಲ.

ಇನ್ನು ನಮ್ಮ ಮೂರು ತಾಲ್ಲೂಕುಗಳ ಮಾತು. ಮೊದಲ ತೊಡಕು ನೆಲದ್ದು. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಕಾಲಿಗೆ ಸೇರುಗಟ್ಟಲೆ ಅಂಟುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುತ್ತದೆ. ಆ ನೆಲದ ಮೇಲೆ ಹುಡುಗರನ್ನು ಕೆಡಹಿಸುವುದು ಅವಿವೇಕ. ಆದುದರಿಂದ ಎಳೆಯರು ‘ಟ್ಯಾಗ್’ ಎಂಬ ಬಗೆಯಿಂದಲೇ ಪ್ರಾರಂಭಿಸಬೇಕು. ಸೊಂಟದ ಎರಡು ಬದಿಗೆ ಒಂದೊಂದು ಬಟ್ಟೆಯ ಪಟ್ಟಿ ಸಿಕ್ಕಿಸಿಕೊಳ್ಳುವುದು. ಕೆಡಹುವ ಬದಲು ಆ ಪಟ್ಟಿಯನ್ನು ಕಿತ್ತರೆ ಸಾಕು. ನಾವು ಹಳೆಯ ಸೀರೆಯ ಅಂಚು ಹರಿದು ಪಟ್ಟಿ ಮಾಡಿಕೊಂಡೆವು. ಕೆಡಹುವ ವಿದ್ಯೆಯನ್ನು ದೊಡ್ಡವರಾದ ಮೇಲೆ, ಹರಗಿ ಮೆತ್ತಗೆ ಮಾಡಿದ ಇಲ್ಲವೆ ಮರಳು ಹಾಸಿದ ನೆಲದಲ್ಲಿ, ತಿಳಿದವರ ಎದುರಿಗೆ ಕಲಿಯತಕ್ಕದ್ದು. ತಲೆಗೆ ಪೆಟ್ಟು ಬಿದ್ದು ಮಂಕಾದವನನ್ನು ಆ ಕ್ಷಣವೇ ಹೊರಗೆ ಕೂಡಿಸಿ ವೈದ್ಯರಿಗೆ ತೋರಿಸಬೇಕು. ಅಂದು ಮತ್ತೆ ಆಡಿಸಲೇಕೂಡದು. ಕಬಡ್ಡಿಯಲ್ಲಿ ನಾವು ಇದನ್ನು ಪಾಲಿಸದೆ ಇರುವುದು ದೊಡ್ಡ ತಪ್ಪು.

ಎರಡನೆಯದು ಹೊತ್ತು. ಮಾರ್ಚಿಯಿಂದ ಜೂನಿನವರೆಗೆ ಬಿಸಿಲು ೪೦ ಡಿಗ್ರಿ ದಾಟುವ ನಮ್ಮಲ್ಲಿ ಬೆಳಗಿನ ಆರರಿಂದ ಎಂಟರೊಳಗೆ ಆಟ ಮುಗಿಯಬೇಕು. ತೊಗರಿಯ ರಾಶಿಯ ಕಾಲದಲ್ಲಿ ಹುಡುಗರು ಹೊಲದಲ್ಲಿರುತ್ತಾರೆ. ರಾಶಿ ಬಿಟ್ಟು ಆಟಕ್ಕೆ ಬಾ ಎನ್ನುವ ಸಂಘವನ್ನು ಯಾವ ತಂದೆಯೂ ಉಳಿಯಗೊಡಲಾರ. ಸಂಘದ ಪಂಚಾಂಗ ಹೊಲದ ಪಂಚಾಂಗಕ್ಕೆ ಹೊಂದಿಕೊಳ್ಳಬೇಕು.

ಮೂರನೆಯದು ಹೆಣ್ಣುಮಕ್ಕಳು. ದೀಪಾವಳಿ ರಜೆಯಲ್ಲಿ ನಾನು ಚೆಂಡನ್ನು ಊರಿಗೆ ಒಯ್ದೆ. ಶಾಲೆಯ ಮೈದಾನದಲ್ಲಿ ಹುಡುಗರನ್ನು ಆಡಿಸುತ್ತಿದ್ದಾಗ ಖೋಖೋ ಆಡುವ ಹುಡುಗಿಯೊಬ್ಬಳು ಬಂದು, “ಅಣ್ಣಾ, ನಮ್ಗ ಯಾಕ ಆಡ್ಸಲ್ಲಿ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಐದು ಮಂದಿ ಹುಡುಗಿಯರು ಬಂದರು; ಜೊತೆಗೆ ಒಬ್ಬ ಅಜ್ಜಿ ಕಾವಲಿಗೆ ಬಂದು ಬೇವಿನ ಮರದಡಿ ಕುಳಿತಳು. ಖೋಖೋ ಆಡಿ ಪಳಗಿದ ಆ ಹುಡುಗಿಯರ ಸೊಂಟದ ಪಟ್ಟಿಯನ್ನು ನಮ್ಮ ಹುಡುಗರು ಒಂದು ಸಲವೂ ಕೀಳಲಾಗಲಿಲ್ಲ. ಅಜ್ಜಿ ನಕ್ಕ ನಗೆ ಇನ್ನೂ ನನ್ನ ಕಿವಿಯಲ್ಲಿದೆ.

ನಾಲ್ಕನೆಯದು, ನನ್ನ ಮಟ್ಟಿಗೆ ಮೊದಲನೆಯದು, ಲೆಕ್ಕ. ೧೯೬೦ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಏಳು ಮಂದಿ ಸೇರಿ, ಉದ್ದೇಶಗಳನ್ನೂ ನಿಯಮಗಳನ್ನೂ ಬರೆದು ಸಂಘವನ್ನು ನೋಂದಾಯಿಸಬಹುದು. ಪ್ರತಿವರ್ಷ ಸರ್ವಸದಸ್ಯರ ಸಭೆ ಕರೆದು ಲೆಕ್ಕ ಒಪ್ಪಿಸಬೇಕು. ಅನೇಕರು ಇದನ್ನು ಬರಿಯ ಕಾಗದದ ಕಾಟವೆಂದು ಬಗೆಯುತ್ತಾರೆ. ಹಾಗಲ್ಲ. ಲೆಕ್ಕವಿಲ್ಲದ ಕಡೆ ಸಂಶಯ ಬೆಳೆಯುತ್ತದೆ. ಸಂಶಯ ಬೆಳೆದ ಕಡೆ ಹುಡುಗರು ಬರುವುದಿಲ್ಲ, ಬಂದರೂ ತಾಯಂದಿರು ಕಳಿಸುವುದಿಲ್ಲ. ಈ ಸಲ ನಾವು ಮನೆ ಮನೆ ಪಟ್ಟಿ ಎತ್ತಲಿಲ್ಲ. ದೊಡ್ಡ ಹುಡುಗರು ತಿಂಗಳಿಗೆ ತಲಾ ೧೦ ರೂಪಾಯಿ ಕೊಡುತ್ತೇವೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆಯಲ್ಲವೆ? ತಿಂಗಳ ಮೊದಲ ಭಾನುವಾರ ಅದೇ ಕಟ್ಟೆಯ ಮೇಲೆ ಬಂದದ್ದನ್ನೂ ಹೋದದ್ದನ್ನೂ ಗಟ್ಟಿಯಾಗಿ ಓದುತ್ತೇವೆ. ಎಪ್ಪನಿಗೆ ಓದು ಬಾರದು. ಮೊದಲ ಸಲ ಓದಿದ ದಿನ ಅವನು ದೂರದಲ್ಲಿ, ಎತ್ತಿನ ಹಗ್ಗ ಹಿಡಿದುಕೊಂಡೇ ನಿಂತು ಕೊನೆಯವರೆಗೆ ಕೇಳಿದ. ಬಳಿಕ ಹತ್ತಿರ ಬಂದು, “ಚೆಂಡಿಗಿ ಗಾಳಿ ತುಂಬಿಸಿದ್ದು ಐದು ರೂಪಾಯಿ ಬರದೀರೇನು?” ಎಂದು ಕೇಳಿದ. ಬರೆದಿದ್ದೆವು.

ಇಷ್ಟಾದರೂ ಒಂದು ಚಿಂತೆ ನನ್ನನ್ನು ಬಿಟ್ಟಿಲ್ಲ. ಇದು ನನ್ನ ಕೊನೆಯ ವರ್ಷ. ಪರೀಕ್ಷೆ ಮುಗಿದ ಮೇಲೆ ಕೆಲಸ ಹುಡುಕಿಕೊಂಡು ಪುಣೆಗೋ ಬೆಂಗಳೂರಿಗೋ ಹೋಗಲೇಬೇಕು. ಮನೆಯ ಸಾಲ ಕಾಯುತ್ತಿದೆ. ನನ್ನ ಇಬ್ಬರು ಗೆಳೆಯರ ಸ್ಥಿತಿಯೂ ಹೀಗೆಯೇ. ನಮ್ಮ ಕಡೆಯ ಸಂಘಗಳೆಲ್ಲ ಮುರಿದುಬೀಳುವುದು ಇದೇ ಘಳಿಗೆಯಲ್ಲಿ. ಓದಿದವನು ಊರು ಬಿಡುತ್ತಾನೆ, ಸಂಘವನ್ನೂ ತನ್ನ ಜೇಬಿನಲ್ಲಿಟ್ಟುಕೊಂಡು ಹೋಗುತ್ತಾನೆ. ಕಲಕತ್ತೆಯ ಸಾಹೇಬರು ಬಟ್ಟಲನ್ನಾದರೂ ಬಿಟ್ಟುಹೋದರು. ನಾವು ಬಿಟ್ಟುಹೋಗುವುದು ಬೋರ್ಡನ್ನು. ಸಂಘ ಬೆಳೆಯುವುದೆಂದರೆ ಸದಸ್ಯರ ಸಂಖ್ಯೆ ಏರುವುದಲ್ಲ. ಕಲಿತವನು ಕಲಿಸುವವನಾಗುವುದು, ಇರುವವನು ತನ್ನ ಹಿಂದೆ ಬರುವವನ ಕೈಗೆ ಕೊಡುವುದು. ಆ ಆಟದ ನಿಯಮವೇ ಇದಲ್ಲವೆ?

ಆದುದರಿಂದ ಈಗಲೇ, ನಾನು ಇನ್ನೂ ಇಲ್ಲಿರುವಾಗಲೇ, ನಮ್ಮೂರಿನ ಲೆಕ್ಕದ ಪುಸ್ತಕವನ್ನು ಪಿ.ಯು.ಸಿ. ಓದುವ ಒಬ್ಬ ಹುಡುಗನಿಗೂ, ಸಣ್ಣವರನ್ನು ಆಡಿಸುವ ಹೊಣೆಯನ್ನು ಆ ಖೋಖೋ ಹುಡುಗಿಗೂ ಒಪ್ಪಿಸಿದ್ದೇನೆ. ತಪ್ಪಿದರೆ ತಿದ್ದಲು ಮೇ ತಿಂಗಳವರೆಗೆ ಸಮಯವಿದೆ. ಅಫಜಲಪುರ, ಜೇವರ್ಗಿಯ ಗೆಳೆಯರೂ ತಮ್ಮ ಊರುಗಳಲ್ಲಿ ಹೀಗೆಯೇ ಮಾಡುತ್ತಿದ್ದಾರೆ. ಮೂರು ಊರುಗಳಿಗೂ ಸೇರಿ ಇರುವುದು ಎರಡೇ ಚೆಂಡು. ಶನಿವಾರದ ಬಸ್ಸಿನಲ್ಲಿ ಊರಿಂದೂರಿಗೆ ಹೋಗುತ್ತವೆ. ನೋಂದಣಿ ಇನ್ನೂ ಆಗಬೇಕು. ನಮ್ಮ ಕಾಲೇಜಿನ ಮೊದಲ, ಎರಡನೆಯ ವರ್ಷದ ಮಿತ್ರರಲ್ಲಿ ಈ ಮೂರು ತಾಲ್ಲೂಕಿನವರು ಯಾರಾದರೂ ಭಾನುವಾರ ಬೆಳಿಗ್ಗೆ ಕಾಲೇಜು ಮೈದಾನಕ್ಕೆ ಬಂದರೆ ಸಂತೋಷ. ಬರಿಗಾಲಿನಲ್ಲಿ ಬಂದರೂ ಸರಿಯೆ.

ಬೋರ್ಡು ಇನ್ನೂ ಬರೆಸಿಲ್ಲ. ಎರಡು ವರ್ಷ ನಡೆದ ಮೇಲೆ, ಆಗ ಇರುವವರು ಬರೆಸಲಿ.