ಎರಡು ಹಾಳೆಯ ಸೊನಾಟಾ

ಶಿರೂರ ಅನಂತಪಾಳದ ಪೇಟೆಯಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಐಎಂಎಸ್‌ಎಲ್‌ಪಿ ಅಂತ ಹುಡುಕಿ ನೋಡಿ. 2006ರಲ್ಲಿ ಶುರುವಾದ ಸ್ವರಲಿಪಿ ಭಂಡಾರ ಅದು. ಚೆಲ್ಲೋ ಮತ್ತು ಪಿಯಾನೊಗೆ ಬೀಥೋವನ್ ಬರೆದ ಐದೂ ಸೊನಾಟಾಗಳು ಅಂಗೈಗೆ ಬಂದು ಕೂರುತ್ತವೆ, ಅದೂ ಪುಕ್ಕಟೆ! ಹಿಂದೆಯೇ ಬ್ರಾಹ್ಮ್ಸ್‌ನವು ಎರಡು, ಶೋಪ್ಯಾನ್‌ನದು ಒಂದು, 1901ರ ರಾಖ್ಮನಿನೋಫ್, 1915ರ ಡೆಬ್ಯುಸಿ. ಹಕ್ಕುಸ್ವಾಮ್ಯದ ಗೋಜಿಲ್ಲ, ನಮ್ಮ ಕಾನೂನಿನಲ್ಲಿ ಬರೆದವನು ತೀರಿ 60 ವರ್ಷಕ್ಕೆ ಅದು ಮುಗಿಯುತ್ತದೆ. ಶೋಸ್ತಕೋವಿಚ್ ಮಾತ್ರ 1975ರವರೆಗೆ ಬದುಕಿಬಿಟ್ಟ, ಹಾಗಾಗಿ ಅವನ 1934ರ ಸೊನಾಟಾಕ್ಕೆ 2035 ಮುಗಿಯುವ ತನಕ ಕಾಯಬೇಕು, ಇಲ್ಲವೇ ಕಾಸು ಬಿಚ್ಚಬೇಕು.

ಇಳಿಸಿಕೊಂಡ ಕಡತ ತೆರೆದರೆ ಮೊದಲ ಬೆರಗು. ಒಂದೇ ಕೃತಿಗೆ ಎರಡು ಹಾಳೆ! ಚೆಲ್ಲೋದವರ ಹಾಳೆಯಲ್ಲಿ ಅವರ ಸಾಲು ಬಿಟ್ಟರೆ ಬೇರೆ ಇಲ್ಲ. ಸುಮ್ಮನಿರಬೇಕಾದ ಕಡೆ ಎಷ್ಟು ಆವರ್ತ ಎಂಬ ಒಂದು ಅಂಕಿ, ಅಷ್ಟೇ. ಪಿಯಾನೊದ ಹಾಳೆಯಲ್ಲಿ ಎರಡು ಕೈಗೆ ಎರಡು ಸಾಲು, ಅವುಗಳ ನೆತ್ತಿಯ ಮೇಲೆ ಚಿಕ್ಕ ಅಕ್ಷರದಲ್ಲಿ ಚೆಲ್ಲೋದ ಸಾಲೂ ಇದೆ. ಅಂದರೆ ಪಿಯಾನೊದವರ ಮುಂದೆ ಇಬ್ಬರ ಸಂಸಾರವೂ ಬಿಚ್ಚಿಟ್ಟಿದೆ, ಚೆಲ್ಲೋದವರು ಕಿವಿಯನ್ನೇ ನಂಬಿ ನಡೆಯಬೇಕು.

ಈ ಸೀಮೆಯವರಿಗೆ ಇದು ಇನ್ನೂ ವಿಚಿತ್ರ ಅನಿಸಬೇಕು. ಉದಗೀರ, ನಿಲಂಗಾ 1956ರವರೆಗೆ ಬೀದರ ಜಿಲ್ಲೆಯವೇ. ಆಮೇಲೆ ರಾಜ್ಯಗಳ ನಡುವೆ ಗೆರೆ ಬಿತ್ತು, ಭಜನೆಗೆ ಬೀಳಲಿಲ್ಲ; ವಚನವಾದರೂ ಅಭಂಗವಾದರೂ ಪೇಟಿ ಬಾರಿಸುವವರ ಮುಂದೆ ಕಾಗದವಿರುವುದಿಲ್ಲ. ಹಾಡುವವರ ಬಾಯಿ ನೋಡುತ್ತ, ಅರ್ಧ ಉಸಿರು ಹಿಂದೆ ಉಳಿದು ಹಿಂಬಾಲಿಸುತ್ತಾರೆ. ಇಲ್ಲಿ ನೋಡಿದರೆ ಸಾಥ್ ಕೊಡುವವರಿಗೇ ಎಲ್ಲ ಗೊತ್ತು!

ಆದರೆ ಸಾಥ್ ಕೊಡುವವರು ಯಾರು? 1796ರಲ್ಲಿ 25ರ ಬೀಥೋವನ್ ಬರ್ಲಿನ್ನಿಗೆ ಹೋದ. ಪ್ರಶ್ಯದ ದೊರೆ ಎರಡನೇ ಫ್ರೆಡ್ರಿಕ್ ವಿಲ್ಹೆಲ್ಮ್ ಸ್ವತಃ ಚೆಲ್ಲೋ ಬಾರಿಸುವವನು. ಆಸ್ಥಾನದಲ್ಲಿ ದ್ಯುಪೋರ್ ಎಂಬ ಅಸಾಧ್ಯ ಚೆಲ್ಲೋ ವಾದಕನಿದ್ದ. ಅಲ್ಲಿ ಹುಟ್ಟಿದ ಎರಡು ಸೊನಾಟಾಗಳು ಅಚ್ಚಾದದ್ದು ಪಿಯಾನೊ ಸೊನಾಟಾಗಳೆಂದು, ಜೊತೆಗೆ ಚೆಲ್ಲೋ ಎಂದು! ದೊರೆಯ ವಾದ್ಯವೇ ಹೆಸರಲ್ಲಿ ಹಿಂದಕ್ಕೆ. ಅದಕ್ಕೂ ಮುಂಚೆ ಕೀಬೋರ್ಡಿನವರ ಹಾಳೆಯಲ್ಲಿ ಬಹಳ ಸಲ ಮಂದ್ರದ ಸಾಲು ಮತ್ತು ಕೆಲವು ಅಂಕಿ ಮಾತ್ರ ಇರುತ್ತಿತ್ತು. ಬಲಗೈ ಅದನ್ನು ನೋಡಿ ತಾನೇ ತುಂಬಿಕೊಳ್ಳಬೇಕು. ಬೀಥೋವನ್ ಎರಡೂ ಕೈಯನ್ನು ಪೂರ್ತಿ ಬರೆದಿಟ್ಟ. ಹೈಡನ್, ಮೊಜಾರ್ಟ್‌ರಂಥವರು ಈ ಜೋಡಿಗೆ ಒಂದು ಸೊನಾಟಾವನ್ನೂ ಮುಗಿಸಿ ಕೊಟ್ಟಿರಲಿಲ್ಲ. 1808ರ ಮೂರನೆಯದನ್ನು ಕೇಳಿ: ಚೆಲ್ಲೋ ಒಂಟಿಯಾಗಿ ಶುರುಮಾಡುತ್ತದೆ, ಪಿಯಾನೊ ಕಾದು ಕೂತಿರುತ್ತದೆ. ಹನ್ನೆರಡೇ ವರ್ಷದಲ್ಲಿ ಇಬ್ಬರೂ ಯಜಮಾನರು.

ಷೂಬರ್ಟ್‌ನ ಕಥೆ ಇದಕ್ಕಿಂತ ಮಜ. 1823ರ ಸುಮಾರಿಗೆ ವಿಯೆನ್ನಾದಲ್ಲಿ ಷ್ಟೌಫರ್ ಎಂಬವನು ಗಿಟಾರಿನ ಹಾಗೆ ಮೆಟ್ಟಿಲುಗಳಿರುವ, ಆರು ತಂತಿಯ, ಕಮಾನಿನಿಂದ ಬಾರಿಸುವ ಆರ್ಪೆಜೋನೆ ಕಟ್ಟಿದ. ಮರುವರ್ಷ ಷೂಬರ್ಟ್ ಅದಕ್ಕೊಂದು ಸೊನಾಟಾ ಬರೆದ. ಅದು ಅಚ್ಚಾಗುವಾಗ 1871, ವಾದ್ಯವೇ ಮರೆತುಹೋಗಿತ್ತು! ಅನಾಥ ಸೊನಾಟಾವನ್ನು ನಾಲ್ಕು ತಂತಿಯ ಚೆಲ್ಲೋ ಸಾಕಿಕೊಂಡಿತು. ಆರು ತಂತಿಗೆಂದು ಬರೆದದ್ದನ್ನು ನಾಲ್ಕರ ಮೇಲೆ ಹತ್ತಿಸುವಾಗ ಬೆರಳು ಬೆವರುತ್ತದೆ.

ಕನ್ನಡದ ನೆಲಕ್ಕೂ ಈ ಲೋಕಕ್ಕೂ ನಂಟಿಲ್ಲವೆ? ಮೈಸೂರಿನ ಜಯಚಾಮರಾಜ ಒಡೆಯರ್ ಪಿಯಾನೊ ಕಲಿತವರು. ರಷ್ಯದ ಸಂಗೀತ ರಚನೆಕಾರ ಮೆಡ್ಟ್‌ನರ್ ಲಂಡನ್ನಿನಲ್ಲಿ ಮುದುಕನಾಗಿ, ಯಾರಿಗೂ ಬೇಡವಾಗಿ ಕೂತಿದ್ದಾಗ ಅವನ ಧ್ವನಿಮುದ್ರಣಗಳಿಗೆ ಹಣ ಕೊಟ್ಟವರು ಇವರೇ. ಮೆಡ್ಟ್‌ನರ್ ತನ್ನ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದ. ಆ ಮುದ್ರಣಗಳಲ್ಲಿ ಗಾಯಕಿ ಶ್ವಾರ್ಟ್ಸ್‌ಕೋಫ್ ಹಾಡುವಾಗ ಪಿಯಾನೊದ ಮುಂದೆ ಕೂತವನು ಹಾಡು ಕಟ್ಟಿದ ಅವನೇ. ಚೆಲ್ಲೋಗೆ ಅವನು ಏನಾದರೂ ಬರೆಯಬಾರದಿತ್ತೆ ಅನಿಸುತ್ತದೆ.

ಬರೆದವನೊಬ್ಬ ನಮ್ಮ ದೇಶಕ್ಕೇ ಬಂದ! ಮ್ಯಾಂಚೆಸ್ಟರಿನ ಜಾನ್ ಫೌಲ್ಡ್ಸ್, ಹಾಲೆ ಆರ್ಕೆಸ್ಟ್ರಾದ ಚೆಲ್ಲೋ ವಾದಕ. 1905ರಲ್ಲಿ ಬರೆದು 1927ರಲ್ಲಿ ತಿದ್ದಿದ ಅವನ ಸೊನಾಟಾದಲ್ಲಿ ಚೆಲ್ಲೋ ಕಾಲು ಸ್ವರಗಳಿಗೆ ಇಳಿಯುತ್ತದೆ, ಅಂದರೆ ಪಿಯಾನೊದ ಬಿಳಿ ಮನೆಗೂ ಕರಿ ಮನೆಗೂ ನಡುವಿನ ಸಂದಿಗೆ. ಚೆಲ್ಲೋಗೆ ಮೆಟ್ಟಿಲಿಲ್ಲ, ಬೆರಳು ಜಾರಿದಲ್ಲೆಲ್ಲ ಸ್ವರ. ಪಿಯಾನೊಗೆ ಆ ದಾರಿಯೇ ಇಲ್ಲ. ಮೀಂಡ್ ಎಳೆಯುವ ಗಾಯಕರಿಗೂ ಪೇಟಿಗೂ ಇರುವ ಹಳೇ ತಕರಾರು ಇದೇ ಅಲ್ಲವೆ! 1935ರಲ್ಲಿ ಫೌಲ್ಡ್ಸ್ ಭಾರತಕ್ಕೆ ಬಂದ, ದಿಲ್ಲಿ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತದ ಮುಖ್ಯಸ್ಥನಾದ, ಹಾರ್ಮೋನಿಯಮ್ ಭಾರತೀಯ ಸಂಗೀತವನ್ನು ಕೊಲ್ಲುತ್ತಿದೆ ಎಂದು ಬರೆದ. 1940ರಲ್ಲಿ ಆಕಾಶವಾಣಿ ಪೇಟಿಯನ್ನು ಹೊರಗೆ ಹಾಕಿತು. 1971ರ ತನಕ ಬಾಗಿಲು ಸಡಿಲವಾಗಲಿಲ್ಲ. ಪಿಯಾನೊದ ಜೊತೆ ಅಷ್ಟು ಚೆನ್ನಾಗಿ ಬಾಳುವೆ ಮಾಡಿದವನು ಪೇಟಿಯ ಮೇಲೆ ಇಷ್ಟು ಕೋಪಿಸಿಕೊಂಡದ್ದು ನನಗೆ ಒಪ್ಪಿಗೆಯಿಲ್ಲ.

ಆ ನಿಷೇಧ ನೋಡಲು ಅವನಿರಲಿಲ್ಲ. ಕೋಲ್ಕತ್ತಕ್ಕೆ ಕೆಲಸದ ಮೇಲೆ ಹೋದವನನ್ನು 1939ರ ಏಪ್ರಿಲ್‌ನಲ್ಲಿ ಕಾಲರಾ ಒಯ್ದಿತು. ಇಲ್ಲಿ ಬರೆದ ಪೂರ್ವ–ಪಶ್ಚಿಮದ ಸಿಂಫನಿಯ ಹಾಳೆಗಳು ಕಳೆದೇ ಹೋದವು. ಚೆಲ್ಲೋ ಸೊನಾಟಾ ಮಾತ್ರ ಅಷ್ಟರೊಳಗೆ ಅಚ್ಚಾಗಿತ್ತು.