ಬಸಿರಿಗೆ ಮೊದಲೇ ಥೈರಾಯ್ಡ್ ಹತೋಟಿಗೆ ಬರಲಿ

ಅಡಿಕೆ ಕೊಯ್ಲಿನ ದಿನಗಳಲ್ಲಿ ಮನೆಯ ಸೊಸೆ ಸೊರಗಿದರೆ ಕೆಲಸ ಹೆಚ್ಚಾಯಿತೆಂದು ನಾವು ತಿಳಿಯುತ್ತೇವೆ. ಬೆವರಿದರೆ ಸೆಕೆಯನ್ನು ದೂರುತ್ತೇವೆ. ಆದರೆ ಚೆನ್ನಾಗಿ ಉಂಡರೂ ತೂಕ ಇಳಿಯುವುದು, ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ದೆ ಬಾರದಿರುವುದು, ಮುಟ್ಟು ಏರುಪೇರಾಗುವುದು, ಕುತ್ತಿಗೆಯ ಮುಂಭಾಗ ಊದುವುದು ಇವು ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರುವುದರ ಲಕ್ಷಣಗಳಾಗಿರಬಹುದು. ಟಿ.ಎಸ್.ಎಚ್. ಮತ್ತು ಟಿ-4 ಎಂಬ ರಕ್ತಪರೀಕ್ಷೆಗಳಿಂದ ಇದನ್ನು ತಿಳಿಯಬಹುದು.

ಬಸಿರಿಗೆ ಮೊದಲು

ಈ ಕಾಯಿಲೆ ಹತೋಟಿಯಲ್ಲಿಲ್ಲದಾಗ ಬಸುರಿಯಾದರೆ ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ಮಗುವಿನ ತೂಕ ಕಡಿಮೆಯಾಗುವುದು, ತಾಯಿಗೆ ರಕ್ತದೊತ್ತಡ ಮುಂತಾದ ಅಪಾಯಗಳಿವೆ. ಆದುದರಿಂದ ಮಗು ಬೇಕೆಂದಿರುವ ದಂಪತಿಗಳು ಮೊದಲೇ ವೈದ್ಯರಿಗೆ ತಿಳಿಸಿ, ರಕ್ತಪರೀಕ್ಷೆಯ ಫಲಿತಾಂಶ ಸರಿಯಾಗುವ ತನಕ ಕಾಯುವುದು ಒಳ್ಳೆಯದು. ವಿಕಿರಣ ಅಯೋಡಿನ್ ಚಿಕಿತ್ಸೆ ಪಡೆದ ಸ್ತ್ರೀಯರು ಕನಿಷ್ಠ 6 ತಿಂಗಳು ಕಾಯಬೇಕು. ಗರ್ಭಿಣಿಯರಿಗೆ ಆ ಚಿಕಿತ್ಸೆ ಕೂಡದು.

ಮಾತ್ರೆ ಬಿಡಬೇಡಿ, ತಡವನ್ನೂ ಮಾಡಬೇಡಿ

ಹೆಚ್ಚಾಗಿ ಕೊಡುವ ಕಾರ್ಬಿಮಝೋಲ್ ಮಾತ್ರೆಯಿಂದ ಬಸಿರಿನ ಮೊದಲ ವಾರಗಳಲ್ಲಿ, ಮುಖ್ಯವಾಗಿ 6ರಿಂದ 10ನೇ ವಾರದೊಳಗೆ, ಶಿಶುವಿಗೆ ಅಂಗದೋಷ ಉಂಟಾಗುವ ಸಂಭವವಿದೆ. ಆದುದರಿಂದ ವೈದ್ಯರು ಮೊದಲ 3 ತಿಂಗಳಿಗೆ ಸಾಮಾನ್ಯವಾಗಿ ಪ್ರೊಪೈಲ್‌ಥಯೋಯುರಾಸಿಲ್ ಎಂಬ ಮಾತ್ರೆಗೆ ಬದಲಾಯಿಸುತ್ತಾರೆ. ಕೆಲವರಿಗೆ ಮಾತ್ರೆ ನಿಲ್ಲಿಸಲೂಬಹುದು. ಆದರೆ ಇದನ್ನು ತೀರ್ಮಾನಿಸಬೇಕಾದವರು ವೈದ್ಯರು. ನೆರೆಕರೆಯವರಲ್ಲ, ನಾವೂ ಅಲ್ಲ. ಹೆದರಿ ಮಾತ್ರೆ ಎಸೆದರೆ ಕಾಯಿಲೆ ಕೆರಳೀತು. ಮುಂದಿನ ತಿಂಗಳು ಹೋದರಾಯಿತೆಂದು ಕುಳಿತರೆ ಆ ಮುಖ್ಯ ವಾರಗಳೇ ಕಳೆದುಹೋದಾವು. ಮುಟ್ಟು ತಪ್ಪಿದ ಕೂಡಲೇ ಮೂತ್ರ ಪರೀಕ್ಷೆ ಮಾಡಿಸಿ, ಬಸಿರೆಂದು ತಿಳಿದರೆ ಅಂದೇ ವೈದ್ಯರನ್ನು ಕಾಣಿರಿ.

ಬಸಿರಿನಲ್ಲಿ ಮತ್ತು ಹೆರಿಗೆಯ ನಂತರ

ಸುಮಾರು 4 ವಾರಗಳಿಗೊಮ್ಮೆ ರಕ್ತಪರೀಕ್ಷೆ ಬೇಕು. ತಿಂಗಳುಗಳು ಏರಿದಂತೆ ಅನೇಕರಿಗೆ ಔಷಧದ ಪ್ರಮಾಣ ಇಳಿಯುತ್ತದೆ. ಮಾತ್ರೆ ಸೇವಿಸುವಾಗ ಜ್ವರ, ಗಂಟಲು ನೋವು ಅಥವಾ ಕಾಮಾಲೆ ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಅಂದೇ ಆಸ್ಪತ್ರೆಗೆ ಹೋಗಿರಿ. ಮೊದಲ ತಿಂಗಳುಗಳಲ್ಲಿ ವಾಂತಿ ವಿಪರೀತವಾದಾಗ ಕೆಲವರ ಪರೀಕ್ಷೆಯಲ್ಲಿ ಥೈರಾಯ್ಡ್ ಹೆಚ್ಚಿರುವಂತೆ ಕಾಣುವುದುಂಟು. ಅದು ಬಹುಮಟ್ಟಿಗೆ ತಾನಾಗಿಯೇ ಸರಿಹೋಗುತ್ತದೆ. ಹೆರಿಗೆಯಾದ ಮೇಲೆ ಕಾಯಿಲೆ ಮರುಕಳಿಸಬಹುದಾದುದರಿಂದ ಬಾಣಂತನದಲ್ಲೂ ಪರೀಕ್ಷೆ ತಪ್ಪಿಸಬಾರದು. ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರೆ ಸೇವಿಸುತ್ತಾ ಮಗುವಿಗೆ ಎದೆಹಾಲು ಕೊಡಬಹುದು. ತಾಯಿಗೆ ಈ ಕಾಯಿಲೆ ಇತ್ತೆಂಬುದನ್ನು ಮಕ್ಕಳ ವೈದ್ಯರಿಗೂ ತಿಳಿಸಿರಿ.

ಫಸಲು ಒಂದು ವರ್ಷ ಕೈಕೊಟ್ಟರೆ ಮುಂದಿನ ವರ್ಷವಾದರೂ ಬಂದೀತು. ಬಸಿರಿನ ಆ ಮೊದಲ ವಾರಗಳು ಮರಳಿ ಬಾರವು. ತೋಟದ ಕೆಲಸ ಒಂದು ದಿನ ನಿಂತರೂ ಸರಿ, ಮನೆಯ ಹೆಣ್ಣುಮಗಳನ್ನು ಪರೀಕ್ಷೆಗೆ ಕರೆದುಕೊಂಡು ಹೋಗೋಣ.