ವಿದ್ಯಾರ್ಥಿನಿಲಯದ ಪಾಠಗಳು

ಟ್ರಂಕು, ಹಾಸಿಗೆಯ ಸುರುಳಿ, ಉಪ್ಪಿನಕಾಯಿಯ ಭರಣಿ – ಇವಿಷ್ಟನ್ನು ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ಇಳಿಸಿ ಊರಿಗೆ ಹಿಂದಿರುಗುವ ತಂದೆತಾಯಿಗಳ ಮನಸ್ಸಿನಲ್ಲಿ ನೂರು ಆತಂಕಗಳು. ಮಗನಿಗೆ ಊಟ ಒಗ್ಗುವುದೋ ಇಲ್ಲವೋ, ಸಹವಾಸ ಎಂತಹುದೋ! ಈ ಕಳವಳ ಸಹಜವಾದುದೇ. ಆದರೆ ತರಗತಿಯಲ್ಲಿ ದೊರೆಯದ ಕೆಲವು ಪಾಠಗಳು ಆ ಕೊಠಡಿಯಲ್ಲಿ ಅವನಿಗಾಗಿ ಕಾದಿರುತ್ತವೆ ಎಂಬುದನ್ನೂ ಮರೆಯಲಾಗದು.

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪನೆಯಾದ ಕಾಲದಲ್ಲಿ, ಹಳ್ಳಿಯಿಂದ ಬಂದ ಬಡ ಹುಡುಗನಿಗೆ ಓದಿಗಿಂತ ಅನ್ನದ ಚಿಂತೆಯೇ ದೊಡ್ಡದಾಗಿತ್ತು. ದಿನಕ್ಕೊಂದು ಮನೆಯಲ್ಲಿ ಉಣ್ಣುವ ವಾರಾನ್ನದಿಂದ ಓದಿದವರು ಎಷ್ಟೋ ಮಂದಿ. ಮಠಗಳೂ ಸಮುದಾಯಗಳ ಸಂಘಗಳೂ ತೆರೆದ ವಿದ್ಯಾರ್ಥಿನಿಲಯಗಳು ಸಾವಿರಾರು ಮಕ್ಕಳಿಗೆ ವಿದ್ಯೆಯ ಬಾಗಿಲು ತೆರೆದವು. ಆದರೆ ವಾರಾನ್ನದ ಮನೆಯಲ್ಲಾಗಲಿ, ಒಂದೇ ಸಮುದಾಯದ ನಿಲಯದಲ್ಲಾಗಲಿ ಹುಡುಗನಿಗೆ ಹೆಚ್ಚಾಗಿ ಕಾಣುತ್ತಿದ್ದವರು ತನ್ನವರೇ.

ವಿಶ್ವವಿದ್ಯಾನಿಲಯದ ವಸತಿಯಲ್ಲಿ ಹಾಗಲ್ಲ. ಧಾರವಾಡದಲ್ಲಾಗಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಾಗಲಿ, ಜೋಳದ ರೊಟ್ಟಿ ಉಂಡು ಬೆಳೆದವನ ಪಕ್ಕದಲ್ಲಿ ರಾಗಿಮುದ್ದೆಯವನು, ಅವನ ಎದುರಿಗೆ ಕುಚ್ಚಲಕ್ಕಿಯ ಗಂಜಿಯವನು. ತಾನು ಆರಿಸಿಕೊಳ್ಳದವನೊಡನೆ ಬಾಳುವುದೇ ಇಲ್ಲಿಯ ಮೊದಲ ಪಾಠ. ಒಬ್ಬನಿಗೆ ನಡುರಾತ್ರಿಯವರೆಗೂ ದೀಪ ಬೇಕು. ಇನ್ನೊಬ್ಬನು ಹತ್ತು ಗಂಟೆಗೇ ಮಲಗಬೇಕು. ನಾಲ್ಕು ದಿನ ಮುನಿಸು, ಐದನೆಯ ದಿನ ಒಪ್ಪಂದ. ಪರೀಕ್ಷೆಯ ಹಿಂದಿನ ರಾತ್ರಿ ಜ್ವರ ಬಂದಾಗ ಗಂಜಿ ತಂದುಕೊಡುವವನು ಅದೇ ದೀಪದ ಜಗಳದವನು!

ಭೋಜನಶಾಲೆಯ ಲೆಕ್ಕ ಎರಡನೆಯ ಪಾಠ. ತಿಂಗಳ ಖರ್ಚನ್ನು ಉಂಡವರೆಲ್ಲರ ಮೇಲೆ ಹಂಚುವ ಪದ್ಧತಿ ಇರುವೆಡೆ, ಎಲೆಯಲ್ಲಿ ಬಿಟ್ಟ ಅನ್ನದ ಬೆಲೆ ತಿಂಗಳ ಕೊನೆಗೆ ಎಲ್ಲರಿಗೂ ತಿಳಿಯುತ್ತದೆ. ಮನೆಯಲ್ಲಿ ಅಕ್ಕಿಯ ಧಾರಣೆಯನ್ನೇ ಕೇಳದಿದ್ದವನು, ವಿದ್ಯಾರ್ಥಿಗಳ ಪ್ರತಿನಿಧಿಯಾಗಿ ಉಗ್ರಾಣದ ಕೀಲಿಕೈ ಹಿಡಿದಾಗ ತಾಯಿಯ ಮಿತವ್ಯಯದ ಅರ್ಥವನ್ನು ಕಾಣುತ್ತಾನೆ.

ಕೆಟ್ಟ ಪಾಠಗಳೂ ಇಲ್ಲದಿಲ್ಲ. ಹೊಸಬರನ್ನು ಪೀಡಿಸುವ ರ‍್ಯಾಗಿಂಗ್ ಎಷ್ಟೋ ಎಳೆಯ ಮನಸ್ಸುಗಳನ್ನು ಮುರಿದಿದೆ. ಅದನ್ನು ತಡೆಯಲು ವಿಶ್ವವಿದ್ಯಾನಿಲಯಗಳ ಧನಸಹಾಯ ಆಯೋಗವು 2009ರಲ್ಲಿ ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿತು. ಆದರೂ ಹೊಸಬನಿಗೆ ನಿಜವಾದ ರಕ್ಷೆ, ಎದ್ದುನಿಂತು 'ಬೇಡ' ಎನ್ನಬಲ್ಲ ಒಬ್ಬ ಹಿರಿಯ ವಿದ್ಯಾರ್ಥಿ. ಮನೆಯವರೂ ಮಗನ ಕಾಗದದಲ್ಲಿ ಬರೆಯದೆ ಉಳಿದುದನ್ನು ಓದಬಲ್ಲವರಾಗಿರಬೇಕು.

ನಿಲಯದ ಬಾಳನ್ನು ಕೊನೆಯವರೆಗೂ ಬಿಡದವರೊಬ್ಬರು ನಮ್ಮ ನಾಡಿನಲ್ಲಿದ್ದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಓದಿನ ಹಂಬಲದಿಂದ ಬೆಂಗಳೂರಿಗೆ ನಡೆದೇ ಬಂದರು. ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು. ಆದರೂ ಅವಿವಾಹಿತರಾಗಿದ್ದ ಅವರಿಗೆ ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಸರಳ ಕೊಠಡಿಯೇ ಮನೆ. 2005ರಲ್ಲಿ ಅವರು ತೀರಿಕೊಂಡಾಗ, ಬದುಕಿಗೆ ಎಷ್ಟು ಕಡಿಮೆ ಸಾಕು ಎಂಬ ಪಾಠವನ್ನು ಹಲವು ತಲೆಮಾರುಗಳ ಹುಡುಗರು ಅವರಿಂದ ಕಂಡು ಕಲಿತಿದ್ದರು.

ರಜೆಗೆ ಮನೆಗೆ ಬಂದ ಮಗನೋ ಮಗಳೋ ಉಂಡ ತಟ್ಟೆಯನ್ನು ತಾವೇ ಎತ್ತಿಟ್ಟರೆ, ತಂಗಿ ಓದುವಾಗ ರೇಡಿಯೋದ ದನಿ ತಗ್ಗಿಸಿದರೆ, ತಾಯಿ ಅಚ್ಚರಿಪಡಬೇಕಿಲ್ಲ. ಅಂಕಪಟ್ಟಿಯಲ್ಲಿ ಇದಕ್ಕೆ ಸ್ಥಾನವಿಲ್ಲ, ಸಂಸಾರದಲ್ಲಿ ಉಂಟು.